ವಿದೇಶಿ ರಸ್ತೆಗಳಲ್ಲಿ ಉಪಗ್ರಹ ಪಥದರ್ಶನ

ಉಪಗ್ರಹ ಪಥದರ್ಶನವು ಉಪಗ್ರಹಗಳ ಸಂಕೇತಗಳಿಂದ ವಾಹನದ ಸ್ಥಾನವನ್ನು ಗುರುತಿಸಿ, ಅದನ್ನು ಡಿಜಿಟಲ್ ನಕ್ಷೆಯೊಂದಿಗೆ ಹೊಂದಿಸಿ, ಚಾಲಕನಿಗೆ ದಾರಿ ಸೂಚಿಸುವ ವ್ಯವಸ್ಥೆಯಾಗಿದೆ. ಆಡುಮಾತಿನಲ್ಲಿ ಇದನ್ನು ಜಿಪಿಎಸ್ ಅಥವಾ ನ್ಯಾವಿಗೇಷನ್ ಎಂದು ಕರೆಯಲಾಗುತ್ತದೆ. ಇದರಲ್ಲಿ ಸ್ಥಾನನಿರ್ಣಯ ಮತ್ತು ನಕ್ಷೆ ಎಂಬ ಎರಡು ಪ್ರತ್ಯೇಕ ಭಾಗಗಳಿವೆ. ಸ್ಥಾನನಿರ್ಣಯವು ಜಗತ್ತಿನಾದ್ಯಂತ ಬಹುಮಟ್ಟಿಗೆ ಒಂದೇ ರೀತಿ ನಡೆಯುತ್ತದೆ. ನಕ್ಷೆಯ ಗುಣಮಟ್ಟ ಮತ್ತು ಅದಕ್ಕೆ ಅನ್ವಯಿಸುವ ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಆದ್ದರಿಂದ ಪರದೇಶದಲ್ಲಿ ವಾಹನ ಚಲಾಯಿಸುವವರು ಮುಖ್ಯವಾಗಿ ಪರಿಶೀಲಿಸಬೇಕಾದುದು ನಕ್ಷೆಯನ್ನು.

ಹಿನ್ನೆಲೆ

ಜಪಾನಿನ ಹೋಂಡಾ ಸಂಸ್ಥೆಯು 1981ರಲ್ಲಿ ಕಾರಿಗಾಗಿ ರೂಪಿಸಿದ ಪಥದರ್ಶಕವು ಉಪಗ್ರಹಗಳನ್ನು ಬಳಸದೆ, ವಾಹನದ ತಿರುವು ಮತ್ತು ಕ್ರಮಿಸಿದ ದೂರವನ್ನು ಅಳೆದು ಸ್ಥಾನವನ್ನು ಅಂದಾಜಿಸುತ್ತಿತ್ತು. 1990ರಲ್ಲಿ ಮಾಜ್ದಾ ಸಂಸ್ಥೆಯು ಜಿಪಿಎಸ್ ಆಧಾರಿತ ಪಥದರ್ಶಕವನ್ನು ಕಾರಿನಲ್ಲಿಯೇ ಅಳವಡಿಸಿ ಮಾರುಕಟ್ಟೆಗೆ ತಂದಿತು. ನಾಗರಿಕರಿಗೆ ದೊರೆಯುವ ಸಂಕೇತದ ನಿಖರತೆಯನ್ನು ಅಮೆರಿಕವು ಉದ್ದೇಶಪೂರ್ವಕವಾಗಿ ತಗ್ಗಿಸಿತ್ತು. 2000ದ ಮೇ ತಿಂಗಳಲ್ಲಿ ಈ ನಿರ್ಬಂಧವನ್ನು ತೆಗೆದ ಬಳಿಕ ಪಥದರ್ಶಕಗಳ ಬಳಕೆ ವ್ಯಾಪಕವಾಯಿತು.

ಸ್ಥಾನನಿರ್ಣಯದ ವಿಧಾನ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲುಪಲು ತೆಗೆದುಕೊಂಡ ಕಾಲವನ್ನು ಅಳೆದು ಗ್ರಾಹಕವು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ತೆರೆದ ಆಕಾಶದಡಿ ಸಾಮಾನ್ಯ ಮೊಬೈಲ್ ಫೋನಿನ ನಿಖರತೆ ಸುಮಾರು 5 ಮೀಟರುಗಳಷ್ಟಿರುತ್ತದೆ. ಸುರಂಗಗಳಲ್ಲಿ ಮತ್ತು ಎತ್ತರದ ಕಟ್ಟಡಗಳ ನಡುವೆ ಇದು ಕುಗ್ಗುತ್ತದೆ.

ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಮತ್ತು ಚೀನಾದ ಬೈದೌ ಕೂಡ ಜಾಗತಿಕ ವ್ಯಾಪ್ತಿಯ ವ್ಯವಸ್ಥೆಗಳು. ಇಂದಿನ ಬಹುತೇಕ ಫೋನುಗಳು ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳ ಸಂಕೇತಗಳನ್ನು ಗ್ರಹಿಸುತ್ತವೆ. ಭಾರತದ ನಾವಿಕ್ ಪ್ರಾದೇಶಿಕ ವ್ಯವಸ್ಥೆಯಾಗಿದ್ದು, ಭಾರತ ಮತ್ತು ಅದರ ಗಡಿಯಿಂದ ಸುಮಾರು 1,500 ಕಿ.ಮೀ. ವರೆಗಿನ ಪ್ರದೇಶವನ್ನು ಗುರಿಯಾಗಿಸಿಕೊಂಡಿದೆ. ಇದಕ್ಕಾಗಿ ಇಸ್ರೋ ಸಂಸ್ಥೆಯು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಪಥದರ್ಶನ ಕೇಂದ್ರವನ್ನು ಹೊಂದಿದೆ. ಯುರೋಪ್ ಅಥವಾ ಅಮೆರಿಕದಲ್ಲಿ ಸಂಚರಿಸುವವರು ಜಾಗತಿಕ ವ್ಯವಸ್ಥೆಗಳನ್ನೇ ಅವಲಂಬಿಸಬೇಕಾಗುತ್ತದೆ.

ಉಪಗ್ರಹ ಸಂಕೇತವನ್ನು ಪಡೆಯಲು ಅಂತರಜಾಲವಾಗಲಿ ಸಿಮ್ ಕಾರ್ಡ್ ಆಗಲಿ ಅಗತ್ಯವಿಲ್ಲ. ಅಂತರಜಾಲವಿದ್ದಾಗ ಉಪಗ್ರಹಗಳ ಕಕ್ಷೆಯ ಮಾಹಿತಿಯು ಬೇಗ ದೊರೆತು, ಮೊದಲ ಸ್ಥಾನನಿರ್ಣಯ ಶೀಘ್ರವಾಗುತ್ತದೆ. ಅದಿಲ್ಲದಿದ್ದರೆ ದೂರದ ಊರಿನಲ್ಲಿ ಫೋನು ಮೊದಲ ಬಾರಿ ಸ್ಥಾನ ಕಂಡುಕೊಳ್ಳಲು ಕೆಲವು ನಿಮಿಷಗಳು ಬೇಕಾಗಬಹುದು.

ನಕ್ಷೆಯ ವಿಶ್ವಾಸಾರ್ಹತೆ

ಸ್ಥಾನ ಸರಿಯಾಗಿದ್ದರೂ ನಕ್ಷೆ ತಪ್ಪಾಗಿದ್ದರೆ ಪರಿಣಾಮ ಅಪಾಯಕಾರಿಯಾಗಬಹುದು. 2012ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೊಲೀಸರು ಇಂತಹ ಒಂದು ಎಚ್ಚರಿಕೆ ನೀಡಿದರು. ಆಪಲ್ ಮ್ಯಾಪ್ಸ್ ನಕ್ಷೆಯು ಮಿಲ್ಡುರಾ ಪಟ್ಟಣವನ್ನು ಅದರ ನಿಜವಾದ ನೆಲೆಯಿಂದ ಸುಮಾರು 70 ಕಿ.ಮೀ. ದೂರದ ರಾಷ್ಟ್ರೀಯ ಉದ್ಯಾನದೊಳಗೆ ತೋರಿಸುತ್ತಿತ್ತು. ನೀರಿನ ಸೌಲಭ್ಯವಿಲ್ಲದ, 46 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಲೇರಬಲ್ಲ ಆ ಪ್ರದೇಶದಲ್ಲಿ ಹಲವು ವಾಹನ ಸವಾರರು ಸಿಲುಕಿಕೊಂಡಿದ್ದರು. ನಂತರ ಆ ದೋಷವನ್ನು ಸರಿಪಡಿಸಲಾಯಿತು.

ಕೆಲವು ದೇಶಗಳಲ್ಲಿ ಕಾನೂನೇ ನಕ್ಷೆಯ ಸ್ವರೂಪವನ್ನು ನಿರ್ಧರಿಸುತ್ತದೆ. ಉಪಗ್ರಹ ಗ್ರಾಹಕಗಳು ಸಾಮಾನ್ಯವಾಗಿ ಡಬ್ಲ್ಯುಜಿಎಸ್-84 ಎಂಬ ನಿರ್ದೇಶಾಂಕ ಪದ್ಧತಿಯನ್ನು ಬಳಸುತ್ತವೆ. ಚೀನಾದ ಅಧಿಕೃತ ಡಿಜಿಟಲ್ ನಕ್ಷೆಗಳಿಗೆ ಉದ್ದೇಶಪೂರ್ವಕ ಪಲ್ಲಟವುಳ್ಳ ಜಿಸಿಜೆ-02 ಪದ್ಧತಿ ಕಡ್ಡಾಯವಾಗಿದೆ. ಎರಡೂ ಪದ್ಧತಿಗಳು ಬೆರೆತರೆ ವಾಹನವು ರಸ್ತೆಯಿಂದ ನೂರಾರು ಮೀಟರು ಆಚೆ ಇರುವಂತೆ ಕಾಣಬಹುದು. ದಕ್ಷಿಣ ಕೊರಿಯಾವು ಭದ್ರತೆಯ ಕಾರಣದಿಂದ ವಿವರವಾದ ನಕ್ಷೆಗಳ ರಫ್ತನ್ನು ದೀರ್ಘಕಾಲ ನಿರ್ಬಂಧಿಸಿದ್ದರಿಂದ, ಅಲ್ಲಿ ನೇವರ್ ಮತ್ತು ಕಾಕಾವೊ ಎಂಬ ಸ್ಥಳೀಯ ನಕ್ಷೆಗಳು ಪ್ರಚಲಿತವಾಗಿವೆ.

2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್, ಸ್ವಯಂಸೇವಕರು ರಚಿಸುವ ಮುಕ್ತ ನಕ್ಷೆಯಾಗಿದೆ. ಸಕ್ರಿಯ ಸ್ವಯಂಸೇವಕರು ಹೆಚ್ಚಾಗಿರುವೆಡೆ ಅದು ಬಹಳ ವಿವರವಾಗಿದ್ದು, ಇತರೆಡೆ ವಿರಳವಾಗಿರಬಹುದು.

ವಿಳಾಸ ಮತ್ತು ಸ್ಥಳನಾಮಗಳು

ಗಮ್ಯಸ್ಥಾನವನ್ನು ನಮೂದಿಸುವ ಕ್ರಮವೂ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಅಂಚೆ ಸಂಕೇತವೊಂದೇ ಸಾಮಾನ್ಯವಾಗಿ ಬೀದಿಯವರೆಗೆ ಕರೆದೊಯ್ಯುತ್ತದೆ. ಜಪಾನಿನ ವಿಳಾಸಗಳು ಹೆಚ್ಚಾಗಿ ಬೀದಿಯ ಹೆಸರಿನ ಬದಲು ಬಡಾವಣೆ ಮತ್ತು ಖಂಡಗಳ ಸಂಖ್ಯೆಯನ್ನು ಆಧರಿಸಿರುತ್ತವೆ. ಆದ್ದರಿಂದ ಅಲ್ಲಿನ ಬಾಡಿಗೆ ಕಾರುಗಳಲ್ಲಿ ದೂರವಾಣಿ ಸಂಖ್ಯೆ ಅಥವಾ ಮ್ಯಾಪ್‌ಕೋಡ್ ಎಂಬ ಅಂಕಿಗಳನ್ನು ನೀಡಿ ಸ್ಥಳ ಹುಡುಕುವ ರೂಢಿಯಿದೆ. ಜರ್ಮನಿಯಲ್ಲಿ ಮೈನ್ ನದಿಯ ಫ್ರಾಂಕ್‌ಫರ್ಟ್ ಅಲ್ಲದೆ, ಪೋಲೆಂಡ್ ಗಡಿಯ ಓಡರ್ ನದಿಯ ದಡದಲ್ಲೂ ಒಂದು ಫ್ರಾಂಕ್‌ಫರ್ಟ್ ಇದೆ. ಫ್ರಾನ್ಸಿನ ಲಿಲ್ ನಗರದ ಹೆಸರು ಬೆಲ್ಜಿಯಮ್ಮಿನ ಡಚ್ ಭಾಷಿಕ ಪ್ರದೇಶದ ಫಲಕಗಳಲ್ಲಿ ರೈಸೆಲ್ ಎಂದಿರುತ್ತದೆ.

ಕಾನೂನು

ಸ್ವದೇಶದಲ್ಲಿ ಅನುಮತಿಯಿರುವ ಸೌಲಭ್ಯವು ಪರದೇಶದಲ್ಲಿ ನಿಷಿದ್ಧವಾಗಿರಬಹುದು. ವೇಗ ಪತ್ತೆ ಕ್ಯಾಮೆರಾಗಳ ಬಗ್ಗೆ ಎಚ್ಚರಿಸುವ ಸಾಧನಗಳ ಬಳಕೆಯನ್ನು ಜರ್ಮನಿಯಲ್ಲಿ ಚಾಲಕರಿಗೆ ನಿಷೇಧಿಸಲಾಗಿದೆ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿಯೂ ಇಂತಹ ನಿರ್ಬಂಧಗಳಿವೆ. ಇಟಲಿಯ ಅನೇಕ ನಗರಗಳ ಹಳೆಯ ಭಾಗಗಳಿಗೆ ಅನುಮತಿಯಿಲ್ಲದ ವಾಹನಗಳು ಪ್ರವೇಶಿಸಿದರೆ ದಂಡ ವಿಧಿಸಲಾಗುತ್ತದೆ. ಪಥದರ್ಶಕವು ಆ ದಾರಿಯನ್ನು ಸೂಚಿಸಿದ್ದರೂ ಹೊಣೆ ಚಾಲಕನದೇ ಆಗಿರುತ್ತದೆ.

ಪೂರ್ವಸಿದ್ಧತೆ

ಪ್ರಯಾಣಕ್ಕೆ ಮುನ್ನ ಆಯಾ ದೇಶದ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಳ್ಳುವುದರಿಂದ, ಅಂತರಜಾಲವಿಲ್ಲದ ಕಡೆಯೂ ದಾರಿ ಹುಡುಕಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಈ ಸೌಲಭ್ಯ ಅನೇಕ ಪ್ರದೇಶಗಳಿಗೆ ಲಭ್ಯವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆಸ್ಮ್‌ಆಂಡ್ ಮತ್ತು ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್‌ಗಳೂ ಇದನ್ನು ಒದಗಿಸುತ್ತವೆ. ಆದರೆ ಅಂತರಜಾಲವಿಲ್ಲದಾಗ ಸಂಚಾರ ದಟ್ಟಣೆ ಮತ್ತು ತಾತ್ಕಾಲಿಕ ರಸ್ತೆ ಮುಚ್ಚುವಿಕೆಯ ಹೊಸ ಮಾಹಿತಿ ದೊರೆಯುವುದಿಲ್ಲ. ಬಾಡಿಗೆ ಕಾರಿನಲ್ಲಿ ಅಳವಡಿಸಿದ ಪಥದರ್ಶಕವಿದ್ದರೆ ಅದರ ನಕ್ಷೆ ಯಾವ ವರ್ಷದ್ದು, ಗಡಿಯಾಚೆಗಿನ ದೇಶವನ್ನೂ ಒಳಗೊಂಡಿದೆಯೇ ಎಂಬುದನ್ನು ಗಮನಿಸಬೇಕಾಗುತ್ತದೆ. ಅಮೆರಿಕ ಮತ್ತು ಬ್ರಿಟನ್ನಿನ ರಸ್ತೆ ಫಲಕಗಳು ಮೈಲಿಗಳಲ್ಲಿರುವುದರಿಂದ ದೂರದ ಮಾನವನ್ನು ಬದಲಿಸಿಕೊಳ್ಳುವುದು ಅನುಕೂಲಕರ.

ಮರುಭೂಮಿ, ಪರ್ವತ ಮತ್ತು ನಿರ್ಜನ ಪ್ರದೇಶಗಳಿಗೆ ಹೋಗುವಾಗ ಮಾರ್ಗವನ್ನು ಮತ್ತೊಂದು ನಕ್ಷೆಯೊಂದಿಗೆ ತಾಳೆ ನೋಡುವುದು ಹಾಗೂ ಮುದ್ರಿತ ನಕ್ಷೆಯನ್ನು ಜೊತೆಗಿಟ್ಟುಕೊಳ್ಳುವುದು ಸುರಕ್ಷಿತ. ರಸ್ತೆಯ ಬದಿಯಲ್ಲಿರುವ ಫಲಕವು ಪರದೆಯ ಸೂಚನೆಗೆ ವಿರುದ್ಧವಾಗಿದ್ದರೆ ಫಲಕವನ್ನೇ ಪಾಲಿಸಬೇಕು.