ಗಡ್ಡೆ ಕರಗಿತು, ಚಿಕಿತ್ಸೆ ಮುಗಿದಿರಲಿಲ್ಲ

"ಸಾಕು ಬಿಡೋ, ಊರಿಗೆ ಹೋಗೋಣ."

ಎರಡನೇ ಕೀಮೋ ಆದಮೇಲೆ ಅಪ್ಪ ಹೇಳಿದ ಮಾತಿದು. ಧ್ವನಿಪೆಟ್ಟಿಗೆಯ ಗಡ್ಡೆ ಎಂಡೋಸ್ಕೋಪಿಯಲ್ಲಿ ಬಹುತೇಕ ಕಾಣಿಸ್ತಾನೇ ಇರಲಿಲ್ಲ. ಹಾಗಿದ್ರೆ ರೇಡಿಯೇಶನ್ ಯಾಕೆ? ನಿಜ ಹೇಳಬೇಕಂದ್ರೆ, ನನಗೂ ಅದೇ ಪ್ರಶ್ನೆ ಇತ್ತು.

ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್. 'ರೈಟ್ ರೈಟ್' ಅಂದ್ರೆ ಇಡೀ ಸ್ಟ್ಯಾಂಡಿಗೆ ಕೇಳ್ತಿತ್ತು. ಜೊತೆಗೆ ಬೀಡಿ. ಧ್ವನಿ ಒಡೆದಾಗ ಮೂರು ತಿಂಗಳು ಕೆಮ್ಮಿನ ಸಿರಪ್‌ನಲ್ಲೇ ಕಾಲ ಕಳೆದ್ವಿ. ತೀರಾ ಮೊದಲ ಹಂತದಲ್ಲೇ ಸಿಕ್ಕಿದ್ದರೆ ಸಾಮಾನ್ಯವಾಗಿ ರೇಡಿಯೇಶನ್ ಅಥವಾ ಲೇಸರ್, ಯಾವುದಾದರೂ ಒಂದು ಸಾಕಾಗುತ್ತೆ. ನಾವು ಹೋಗುವಷ್ಟರಲ್ಲಿ ಒಂದು ಧ್ವನಿತಂತು ಅಲುಗಾಡೋದನ್ನೇ ನಿಲ್ಲಿಸಿತ್ತು.

ಡಾಕ್ಟರ್ ಬಿಡಿಸಿ ಹೇಳಿದರು: "ಇಲ್ಲಿ ಕೀಮೋ ಒಂದು ಪರೀಕ್ಷೆ ಇದ್ದ ಹಾಗೆ. ಗಡ್ಡೆ ಕರಗಿದರೆ ರೇಡಿಯೇಶನ್‌ಗೂ ಬಗ್ಗುವ ಸಾಧ್ಯತೆ ಹೆಚ್ಚು, ಧ್ವನಿಪೆಟ್ಟಿಗೆ ಉಳಿಸಬಹುದು. ಕರಗದಿದ್ದರೆ ಆಪರೇಶನ್. ಕೀಮೋ ಒಂದನ್ನೇ ನಂಬಿ ಕೂರೋಕಾಗಲ್ಲ."

ರಾತ್ರಿ ಕೂತು ಓದಿದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 332 ರೋಗಿಗಳಿದ್ದರು. ಒಂದು ಗುಂಪಿಗೆ ಆಪರೇಶನ್, ಆಮೇಲೆ ರೇಡಿಯೇಶನ್. ಇನ್ನೊಂದಕ್ಕೆ ಮೊದಲು ಕೀಮೋ, ಗಡ್ಡೆ ಕರಗಿದವರಿಗೆ ರೇಡಿಯೇಶನ್. ಎರಡು ವರ್ಷದ ನಂತರ ಎರಡೂ ಗುಂಪಿನಲ್ಲಿ ಬದುಕಿದ್ದವರು ಶೇ. 68. ಕೀಮೋ ಗುಂಪಿನ ಶೇ. 64 ಮಂದಿಗೆ ಧ್ವನಿಪೆಟ್ಟಿಗೆಯೂ ಉಳಿದಿತ್ತು. ಗಮನಿಸಿ, ಗಡ್ಡೆ ಕರಗಿದವರನ್ನೂ ಕೀಮೋಗೇ ನಿಲ್ಲಿಸಿ ಮನೆಗೆ ಕಳಿಸಿರಲಿಲ್ಲ. ನಮ್ಮ ಕೆಲಸದಲ್ಲೂ ಅಷ್ಟೇ ಅಲ್ವಾ? ಬಗ್ ಕಾಣಿಸ್ತಿಲ್ಲ ಅಂದ್ರೆ ಬಗ್ ಹೋಯ್ತು ಅಂತಲ್ಲ.

ಮರುದಿನ ಮೂರು ಪ್ರಶ್ನೆ ಬರೆದುಕೊಂಡು ಹೋದೆ. ನಿಮಗೂ ಬೇಕಾಗಬಹುದು.

ಈಗಲೇ ನಿಲ್ಲಿಸಿದರೆ? ಗಡ್ಡೆ ಮತ್ತೆ ಬೆಳೆಯಬಹುದು, ಆಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು.

ರೇಡಿಯೇಶನ್ ಫಲಿಸದಿದ್ದರೆ? ಆಪರೇಶನ್ನಿನ ದಾರಿ ಇದೆ. ಅದಕ್ಕೇ ಚೆಕಪ್ ತಪ್ಪಿಸಬಾರದು.

ಕಷ್ಟ ಏನೇನು? ಬಾಯಿ ಒಣಗುತ್ತೆ, ನುಂಗೋಕೆ ನೋವು. ಹಲ್ಲಿನ ಡಾಕ್ಟರಿಗೆ ಮೊದಲೇ ತೋರಿಸಿ. ಬೀಡಿ ಪೂರ್ತಿ ಬಂದ್.

ಅಪ್ಪ ಕೇಳಿದ್ದು ಒಂದೇ: "ಮಾತು ಉಳಿಯುತ್ತಾ ಸಾರ್?"

"ಗ್ಯಾರಂಟಿ ಕೊಡಲ್ಲ. ಆದರೆ ಇಷ್ಟೆಲ್ಲ ಮಾಡ್ತಿರೋದು ಅದಕ್ಕೇ."

"ಹಂಗಾದ್ರೆ ಮಾಡಿ."

ಏಳು ವಾರ, 35 ಸಲ. ಕೊನೆಯ ವಾರಗಳಲ್ಲಿ ರಾಗಿ ಗಂಜಿಯೂ ಇಳೀತಿರಲಿಲ್ಲ. ಅಮ್ಮ ಅಡುಗೆಮನೇಲಿ ನಿಂತು ಅಳ್ತಿದ್ರು.

ಈಗ ಅಪ್ಪನ ದನಿ ಒರಟು. ಚೆಕಪ್ ನಡೀತಾನೇ ಇದೆ, ಪ್ರತಿ ಸಲ ಎದೆ ಢವಗುಟ್ಟುತ್ತೆ. ಮೊನ್ನೆ ಆಸ್ಪತ್ರೆಯಿಂದ ಬರುವಾಗ ಆಟೋ ಹತ್ತಿ ಕೂತವರೇ 'ರೈಟ್' ಅಂದ್ರು. ಡ್ರೈವರ್ ನಗ್ತಾ ಗಾಡಿ ಬಿಟ್ಟ.

ನಿಮ್ಮ ಮನೇಲಿ ಯಾರದ್ದಾದರೂ ಧ್ವನಿ ಮೂರು ವಾರ ಕಳೆದರೂ ಸರಿಹೋಗಿಲ್ವಾ? ಸಿರಪ್ ಬಿಡಿ, ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.