“ಮನೇಲಿ ಬಿದ್ದೆ” ಅಂತ ಹೇಳಬೇಡಿ

ನ್ಯೂಯಾರ್ಕಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ, ಹಾಸನದ ಕಡೆಯ ನಮ್ಮವರೊಬ್ಬರು ಎಣ್ಣೆ ಚೆಲ್ಲಿದ್ದ ನೆಲದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಾಲೀಕರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ಒಂದೇ ಮಾತು: “ಮನೇಲಿ ಬಿದ್ದೆ ಅಂತ ಹೇಳು, ಖರ್ಚೆಲ್ಲ ನಾನು ನೋಡ್ಕೋತೀನಿ.” ಪೇಪರ್ ಸರಿಯಿಲ್ಲ ಅನ್ನೋ ಭಯಕ್ಕೆ ಇವರೂ ಹಾಗೇ ಹೇಳಿದರು. ಮೂರನೇ ವಾರಕ್ಕೆ ಮಾಲೀಕರು ಫೋನ್ ಎತ್ತೋದು ನಿಲ್ಲಿಸಿದರು. ಆಸ್ಪತ್ರೆಯ ದಾಖಲೆಯಲ್ಲಿ ಆ ಸುಳ್ಳು ಮಾತ್ರ ಹಾಗೇ ಉಳಿಯಿತು.

ಆ ಭಯಕ್ಕೆ ಕಾರಣವೇ ಇರಲಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಮತ್ತು ಸಂಬಳದ ಒಂದು ಪಾಲು ಕೊಡುವ ‘ವರ್ಕರ್ಸ್ ಕಾಂಪ್’ ವಿಮೆ ನ್ಯೂಯಾರ್ಕಿನಲ್ಲೂ ನ್ಯೂಜೆರ್ಸಿಯಲ್ಲೂ ವೀಸಾ ನೋಡೋದಿಲ್ಲ. ಕೈಗೆ ನಗದು ಸಂಬಳ ಪಡೆಯೋರಿಗೂ ಅದು ಉಂಟು. ಸಾಮಾನ್ಯವಾಗಿ ತಪ್ಪು ಯಾರದು ಅಂತಲೂ ಕೇಳೋದಿಲ್ಲ. ನೀವೇ ಎಚ್ಚರ ತಪ್ಪಿ ಬಿದ್ದಿದ್ದರೂ ಸರಿಯೇ. ಮಾಲೀಕ ವಿಮೆ ಮಾಡಿಸದೇ ಇದ್ದರೆ, ಅಂಥವರಿಗಾಗಿಯೇ ಎರಡೂ ರಾಜ್ಯಗಳಲ್ಲಿ ಪ್ರತ್ಯೇಕ ನಿಧಿ ಇದೆ. ಕಟ್ಟಡದ ಕೆಲಸದಲ್ಲಿ ಬಿದ್ದು ಗಾಯಗೊಂಡ, ಕಾಗದಪತ್ರವಿಲ್ಲದ ಕಾರ್ಮಿಕರ ಮೊಕದ್ದಮೆಗಳಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 2006ರಲ್ಲೇ ಹೇಳಿದೆ: ವೀಸಾ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕಳೆದುಹೋದ ಸಂಬಳದ ಪರಿಹಾರ ತಪ್ಪಿಸುವಂತಿಲ್ಲ.

ಭಯಪಡಬೇಕಾದ್ದು ಕ್ಯಾಲೆಂಡರಿಗೆ. ನ್ಯೂಯಾರ್ಕಿನಲ್ಲಿ 30 ದಿನದೊಳಗೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು, 2 ವರ್ಷದೊಳಗೆ ಸಿ-3 ಫಾರಂ ಸಲ್ಲಿಸಬೇಕು. ನ್ಯೂಜೆರ್ಸಿಯಲ್ಲಿ ತಿಳಿಸೋಕೆ ಹೆಚ್ಚೆಂದರೆ 90 ದಿನ. ಮನೆ ಎಡಿಸನ್ನಿನಲ್ಲಿದ್ದು, ಕ್ವೀನ್ಸಿನ ಕೆಲಸದಲ್ಲಿ ಬಿದ್ದರೆ ಸಾಮಾನ್ಯವಾಗಿ ನ್ಯೂಯಾರ್ಕಿನ ಲೆಕ್ಕ. ಇನ್ನೊಂದು ವ್ಯತ್ಯಾಸ: ನ್ಯೂಜೆರ್ಸಿಯಲ್ಲಿ ಡಾಕ್ಟರನ್ನು ಮಾಲೀಕರು ಅಥವಾ ಅವರ ವಿಮೆಯವರು ಆರಿಸ್ತಾರೆ, ನ್ಯೂಯಾರ್ಕಿನಲ್ಲಿ ಬಹುಮಟ್ಟಿಗೆ ನೀವೇ.

ಕಾಂಪ್ ಪಡೆದ ಮೇಲೆ ಸಾಮಾನ್ಯವಾಗಿ ಮಾಲೀಕರ ಮೇಲೆ ದಾವೆ ಹೂಡೋಕಾಗೋದಿಲ್ಲ. ಆದರೆ ಪೆಟ್ಟಿಗೆ ಬೇರೆಯವರು ಕಾರಣವಾಗಿದ್ದರೆ, ಉದಾಹರಣೆಗೆ ಡೆಲಿವರಿಗೆ ಹೊರಟಾಗ ಗುದ್ದಿದ ಕಾರು, ಅವರ ಮೇಲೆ ಬೇರೆ ದಾವೆ ಹಾಕಬಹುದು. ಅದಕ್ಕೆ ನ್ಯೂಯಾರ್ಕಿನಲ್ಲಿ 3 ವರ್ಷ, ನ್ಯೂಜೆರ್ಸಿಯಲ್ಲಿ 2. ಗುದ್ದಿದ್ದು ನಗರಸಭೆಯ ಕಸದ ಲಾರಿಯಾದರೆ ಎರಡೂ ಕಡೆ 90 ದಿನದೊಳಗೆ ನೋಟಿಸ್ ಕೊಡಲೇಬೇಕು. ಇದು ಗೊತ್ತಿಲ್ಲದೆ ಕೇಸು ಕಳಕೊಂಡವರು ಬಹಳ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. ಕಾಂಪ್ ಕೇಸಿನಲ್ಲಿ ಫೀಸು ಎಷ್ಟು ಅಂತ ನ್ಯೂಯಾರ್ಕಿನಲ್ಲಿ ಮಂಡಳಿ, ನ್ಯೂಜೆರ್ಸಿಯಲ್ಲಿ ನ್ಯಾಯಾಧೀಶರು ನಿಗದಿ ಮಾಡ್ತಾರೆ. ಮುಂಗಡ ಕೇಳಿದರೆ ಎದ್ದು ಬನ್ನಿ. ಅಪಘಾತದ ದಾವೆಯಲ್ಲಿ ಗೆದ್ದರೆ ಸಾಮಾನ್ಯವಾಗಿ ಮೂರನೇ ಒಂದು ಭಾಗ, ಸೋತರೆ ಫೀಸಿಲ್ಲ. ಕೋರ್ಟಿನ ಇತರ ಖರ್ಚು ಯಾರದು ಅಂತ ಸಹಿಗೆ ಮುಂಚೆ ಕೇಳಿ. ಆಸ್ಪತ್ರೆ ಬಾಗಿಲಲ್ಲಿ ಕಾರ್ಡ್ ಹಿಡಿದು ನಿಂತವರನ್ನು ನಂಬಬೇಡಿ. ವಿಮೆಯವರು ಕಳಿಸಿದ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಬೇಡ. ನ್ಯೂಯಾರ್ಕಿನ ಮಂಡಳಿಯಲ್ಲಿ ದುಭಾಷಿಗೆ ದುಡ್ಡಿಲ್ಲ. “ಇಂಡಿಯನ್” ಅಂದರೆ ಹಿಂದಿಯವರನ್ನು ಕೂರಿಸಿಬಿಟ್ಟಾರು, “ಕನ್ನಡ” ಅಂತಲೇ ಕೇಳಿ.

ನಮ್ಮ ಹಾಸನದವರು 26ನೇ ದಿನ ನೋಟಿಸ್ ಕೊಟ್ಟರು. ಬಿದ್ದ ಹೊತ್ತಿನಲ್ಲಿ ಜೊತೆಯ ಹುಡುಗ ನೆಲದ ಫೋಟೋ ತೆಗೆದಿದ್ದ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ, ಎಲ್ಲಿ ಬಿದ್ದೆ ಅನ್ನೋದನ್ನ ಸರಿಯಾಗಿ ಹೇಳಿ ಬರೆಸಿದರು. ವಿಚಾರಣೆ ಇನ್ನೂ ಮುಗಿದಿಲ್ಲ.