ರನ್‌ವೇ ಬೆಳೆಯಿತು, ನಡುವಿನ ಸೀಟು ಹುಟ್ಟಿತು!

ಮನಗೂಳಿಯಲ್ಲಿ ವಿಜಯಪುರದ ಬಸ್ಸು ಹತ್ತುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಮೂವರ ಸೀಟಿನಲ್ಲಿ ನಡುವೆ ಸಿಕ್ಕವರ ಪಾಡು ಯಾರಿಗೂ ಬೇಡ. ಹೊರಗಿನಿಂದಲೇ ಟವೆಲ್ ಒಗೆದು ನಮ್ಮ ಜನ ಹಿಡಿಯುವುದು ಕಿಟಕಿ ಪಕ್ಕದ ಜಾಗವನ್ನೇ. ಸಾವಿರಾರು ರೂಪಾಯಿ ಕೊಟ್ಟು ಹಾರುವಾಗಲೂ ಇದೇ ಗೋಳೇ? ಹೌದು! ಆದರೆ ಎಲ್ಲ ವಿಮಾನಗಳಲ್ಲಿ ಅಲ್ಲ. ಬೆರಗು ಇರುವುದೇ ಇಲ್ಲಿ.

ವಿಜಯಪುರದ ಬುರಣಾಪುರ ಬಳಿಯ ವಿಮಾನ ನಿಲ್ದಾಣವನ್ನೇ ನೋಡಿ. ಮೊದಲು ಲೆಕ್ಕ ಹಾಕಿದ್ದು ಎಟಿಆರ್-72 ಎಂಬ ಸಣ್ಣ ವಿಮಾನಕ್ಕೆ. ಆಮೇಲೆ ಯೋಜನೆ ಬದಲಾಗಿ, ಏರ್‌ಬಸ್ 320 ಇಳಿಯುವಂತೆ ರನ್‌ವೇ ಹಿಗ್ಗಿತು. ಒಳಗೆ ಏನಾಗುತ್ತದೆ ಗೊತ್ತೇ? ಎಟಿಆರ್‌ನಲ್ಲಿ ದಾರಿಯ ಆಚೆ ಎರಡು, ಈಚೆ ಎರಡು ಸೀಟು. ನಡುವಿನ ಸೀಟೆಂಬುದೇ ಇಲ್ಲ! ಏರ್‌ಬಸ್ 320ರಲ್ಲಿ ಆಚೆ ಮೂರು, ಈಚೆ ಮೂರು. 180 ಸೀಟಿದ್ದರೆ 60 ಜನ ನಡುವೆ! ನೆಲದ ಮೇಲಿನ ರನ್‌ವೇ ಆಕಾಶದಲ್ಲಿನ ನಿಮ್ಮ ಮೊಣಕೈಯ ಹಣೆಬರಹ ಬರೆಯುತ್ತದೆ!

ಕಲಬುರಗಿಯದು ಇನ್ನೂ ಸೋಜಿಗ. 2019ರ ನವೆಂಬರ್ 22ರಂದು ಅಲ್ಲಿನ ನಿಲ್ದಾಣ ಉದ್ಘಾಟನೆಯಾದಾಗ ಬೆಂಗಳೂರಿನಿಂದ ಬಂದಿಳಿದದ್ದು ಸ್ಟಾರ್ ಏರ್‌ನ 50 ಸೀಟಿನ ಎಂಬ್ರೇಯರ್ 145. ಬಲಕ್ಕೆ ಎರಡು ಸೀಟು, ಎಡಕ್ಕೆ ಒಂದೇ ಒಂದು! ಆ ಒಂಟಿ ಸೀಟಿನವರಿಗೆ ಕಿಟಕಿಯೂ ಅವರದೇ, ದಾರಿಯ ಬದಿಯೂ ಅವರದೇ.

ಇನ್ನು ಕಾಲ ಕೆಳಗೆ ನೋಡಿ. ಸೀಟುಗಳನ್ನು ನೆಲಕ್ಕೆ ಬೆಸೆದಿಲ್ಲ. ಉದ್ದಕ್ಕೂ ಹಾಯ್ದ ಲೋಹದ ಹಳಿಗಳಿಗೆ ಸಿಕ್ಕಿಸಿದ್ದಾರೆ. ಹಳಿಯಲ್ಲಿ ಇಂಚಿಗೊಂದು ದುಂಡನೆಯ ತೂತು. ಬಿಚ್ಚಿ, ಸರಿಸಿ, ಬಿಗಿದರೆ ಆಯಿತು! 30 ಸಾಲುಗಳಲ್ಲಿ ತಲಾ ಒಂದಿಂಚು ಕದ್ದರೆ 30 ಇಂಚು ಉಳಿಯಿತು, ಅಂದರೆ ಇಡೀ ಹೊಸ ಸಾಲೊಂದು, ಆರು ಟಿಕೆಟ್! ನಿಮ್ಮ ಮೊಣಕಾಲು ಎದುರಿನ ಸೀಟಿಗೆ ತಾಗುವ ಗುಟ್ಟು ಇದು.

ಅಗಲದಲ್ಲೂ ಇಂಚಿನದೇ ಆಟ. ಬೋಯಿಂಗ್ 737ರ ಒಳಗಿನ ಅಗಲ ಸುಮಾರು 354 ಸೆಂಟಿಮೀಟರ್, ಏರ್‌ಬಸ್ 320ರದು ಸುಮಾರು 370. ಎರಡರಲ್ಲೂ ಸಾಲಿಗೆ ಆರೇ ಜನ. ಹೆಚ್ಚಿನ 16 ಸೆಂಟಿಮೀಟರ್ ಹಂಚಿದರೆ ತಲೆಗೆ ಒಂದು ಇಂಚು!

ಹಾಗಾದರೆ ನಡುವಿನವರಿಗೆ ಬಿಡುಗಡೆಯೇ ಇಲ್ಲವೇ? ಇದೆ! ಅಮೆರಿಕದ ಮೊಲೋನ್ ಲಾಬೆ ಕಂಪನಿ ನಡುವಿನ ಸೀಟನ್ನು ತುಸು ಹಿಂದಕ್ಕೆ, ತುಸು ಕೆಳಕ್ಕೆ ಇಳಿಸಿ ಅಗಲ ಮಾಡಿತು. ಭುಜಕ್ಕೆ ಭುಜ ಉಜ್ಜುವುದಿಲ್ಲ. ತೋಳಿಡುವ ಜಾಗವೂ ಮೆಟ್ಟಿಲಾಗಿ ಇಬ್ಬರಿಗೂ ದಕ್ಕುತ್ತದೆ. ಇಷ್ಟು ಸರಳ! 2019ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಒಪ್ಪಿಗೆಯನ್ನೂ ಕೊಟ್ಟಿತು. ಒಪ್ಪಿಗೆ ಸುಲಭದ್ದಲ್ಲ: ಹೊಸ ಸೀಟು ಗುರುತ್ವದ 16 ಪಟ್ಟು ಹೊಡೆತ ತಾಳಬೇಕು. ಇಡೀ ವಿಮಾನವೂ ಅರ್ಧ ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಖಾಲಿಯಾಗುವಂತಿರಬೇಕು.

ಸುಖ ಇರುವುದು ಮೆತ್ತೆಯಲ್ಲಲ್ಲ, ಜೋಡಣೆಯಲ್ಲಿ. ಆದ್ದರಿಂದ ಟಿಕೆಟ್ ತೆಗೆಸುವ ಮುನ್ನ ದರವೊಂದನ್ನೇ ನೋಡಬೇಡಿ. ವಿಮಾನ ಯಾವುದು, ಸಾಲಿಗೆ ಎಷ್ಟು ಸೀಟು ಎಂದು ಕೇಳಿ.